ಕತ್ತಿಗೂ ಕೊರಳಿಗೂ ನಡುವೆ

ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂನಲ್ಲಿ ಕ್ರಿಸ್ತಪೂರ್ವ ಆರನೆಯ ಶತಮಾನದ ಗ್ರೀಕ್ ಜಾಡಿಯೊಂದಿದೆ. ಟ್ರಾಯ್ ನಗರದ ರಾಜಕುಮಾರಿ ಪಾಲಿಕ್ಸೆನಾಳನ್ನು ಮೂವರು ಯೋಧರು ಮರದ ದಿಮ್ಮಿಯ ಹಾಗೆ ಅಡ್ಡಡ್ಡ ಎತ್ತಿ ಹಿಡಿದಿದ್ದಾರೆ. ಅಕಿಲೀಸನ ಮಗ ನಿಯೊಪ್ಟಾಲೆಮಸ್ ಅವಳ ಕೊರಳಿಗೆ ಕತ್ತಿ ಇಳಿಸಿದ್ದಾನೆ. ಸತ್ತ ತಂದೆಗೆ ಮಗ ಸಲ್ಲಿಸುತ್ತಿರುವ ಕಾಣಿಕೆ ಅದು. ರಕ್ತ ಧಾರೆಯಾಗಿ ಕೆಳಕ್ಕೆ ಸುರಿಯುತ್ತಿದೆ. ಚಿತ್ರಕಾರ ಏನನ್ನೂ ಮುಚ್ಚಿಟ್ಟಿಲ್ಲ.

ಯುರೋಪಿನ ಕಲೆಯಲ್ಲಿ ಬಲಿಯ ಚಿತ್ರಗಳಿಗೆ ಲೆಕ್ಕವಿಲ್ಲ. ಆದರೆ ಈ ಜಾಡಿಯಂಥವು ಅಪರೂಪ. ಉಳಿದ ಬಹುಪಾಲು ಕಲಾವಿದರು ಕತ್ತಿ ಕೊರಳನ್ನು ಮುಟ್ಟುವ ಕ್ಷಣಕ್ಕಿಂತ ತುಸು ಮೊದಲೇ ನಿಂತರು, ಇಲ್ಲವೇ ಎಲ್ಲ ಮುಗಿದ ಮೇಲೆ ಬಂದರು. ಯಾರ ಮುಖವನ್ನು ತೋರಿಸಬೇಕು, ಯಾರದನ್ನು ಮರೆಸಬೇಕು ಎಂಬ ಪ್ರಶ್ನೆಗೆ ಒಂದೊಂದು ಕಾಲ ಒಂದೊಂದು ಉತ್ತರ ಕೊಟ್ಟಿತು. ಈ ಪರಂಪರೆಯ ನಿಜವಾದ ಕಥೆ ಆ ಉತ್ತರಗಳಲ್ಲಿದೆ ಎಂದು ನನಗೆ ತೋರುತ್ತದೆ.

ಅಥೆನ್ಸಿನ ಪಾರ್ಥೆನಾನ್ ದೇಗುಲದ ಉಬ್ಬುಶಿಲ್ಪಗಳಲ್ಲಿ ಬಲಿಗೆಂದು ಹಸುಗಳನ್ನು ಮೆರವಣಿಗೆಯಲ್ಲಿ ಒಯ್ಯುತ್ತಾರೆ. ಒಂದು ಹಸು ಕತ್ತೆತ್ತಿ ಹಿಂಜಗ್ಗುತ್ತದೆ. ಬಲಿಪೀಠ ಮಾತ್ರ ಕಾಣುವುದಿಲ್ಲ. ಜಾಡಿಗಳ ಮೇಲೂ ಹಾಗೆಯೇ: ಒಂದರಲ್ಲಿ ಶೃಂಗರಿಸಿದ ಪಶು, ಇನ್ನೊಂದರಲ್ಲಿ ಸಲಾಕೆಗೆ ಚುಚ್ಚಿ ಬೆಂಕಿಯ ಮೇಲೆ ಹಿಡಿದ ಮಾಂಸ. ನಡುವಿನದು ತೀರ ವಿರಳ. ಕೊಲ್ಲುವಾಗ ಕಾಡುವ ಅಪರಾಧಪ್ರಜ್ಞೆಯಲ್ಲೇ ಗ್ರೀಕರ ಬಲಿಯ ಬೇರು ಇದೆ ಎಂದು ವಾಲ್ಟರ್ ಬುರ್ಕರ್ಟ್ 1972ರಲ್ಲಿ ದೊಡ್ಡ ವಾದವನ್ನೇ ಹೂಡಿದ. ಇಂಥ ಚಿತ್ರಗಳನ್ನು ಕಲೆಹಾಕಿದ ಫೋಲ್ಕರ್ಟ್ ವಾನ್ ಸ್ಟ್ರಾಟನ್ ಮೊದಲಾದವರಿಗೆ ಅದು ಒಪ್ಪಿಗೆಯಾಗಲಿಲ್ಲ. ಗ್ರೀಕರಿಗೆ ಮುಖ್ಯವಾದದ್ದು ದೇವರಿಗೆ ಸಲ್ಲಿಸುವ ಸಂಭ್ರಮ ಮತ್ತು ಊರಿನ ಊಟ, ಕೊಲ್ಲುವುದು ಕೇವಲ ಕೆಲಸ ಎಂಬುದು ಈ ಕಡೆಯವರ ನಿಲುವು. ಪಶುವಿನ ಮಟ್ಟಿಗೆ ನಾನೂ ಇವರ ಪಕ್ಷವೇ. ಮನುಷ್ಯಬಲಿಯ ವಿಷಯ ಬಂದರೆ ಮಾತು ಬೇರೆ.

ಏಕೆಂದರೆ ಅಲ್ಲಿ ಒಬ್ಬ ತಂದೆ ಬಂದು ನಿಲ್ಲುತ್ತಾನೆ. ಹಡಗುಗಳಿಗೆ ಗಾಳಿ ಬೀಸಲೆಂದು ಮಗಳು ಇಫಿಜೀನಿಯಾಳನ್ನು ಬಲಿಗೊಪ್ಪಿಸಿದ ಅಗಮೆಮ್ನಾನನ ಕಥೆಯನ್ನು ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದ ಸುಮಾರಿಗೆ ಟಿಮಾಂತೀಸ್ ಎಂಬ ಚಿತ್ರಕಾರ ಬರೆದಿದ್ದ. ಚಿತ್ರ ಉಳಿದಿಲ್ಲ, ಸಿಸೆರೊ, ಪ್ಲಿನಿ, ಕ್ವಿಂಟಿಲಿಯನ್ ಅದರ ಬಗ್ಗೆ ಆಡಿದ ಮಾತುಗಳು ಉಳಿದಿವೆ. ಸುತ್ತ ನಿಂತವರ ದುಃಖವನ್ನು ಮೆಟ್ಟಿಲು ಮೆಟ್ಟಿಲಾಗಿ ಏರಿಸುತ್ತ ಹೋದ ಟಿಮಾಂತೀಸ್, ತಂದೆಯ ಸರದಿ ಬಂದಾಗ ಅವನ ಮುಖಕ್ಕೆ ಮುಸುಕೆಳೆದನಂತೆ. ಪೊಂಪೆಯಲ್ಲಿ ಸಿಕ್ಕಿ ಈಗ ನೇಪಲ್ಸ್ ಮ್ಯೂಸಿಯಂನಲ್ಲಿರುವ ಭಿತ್ತಿಚಿತ್ರವೊಂದರಲ್ಲೂ ಅಗಮೆಮ್ನಾನ್ ಒಂದು ಬದಿಗೆ ಸರಿದು ಮುಸುಕು ಹಾಕಿ ನಿಂತಿದ್ದಾನೆ. ಅಪ್ಪನ ದುಃಖವನ್ನು ಚಿತ್ರಿಸಲಾಗದು, ಅದಕ್ಕೇ ಮುಸುಕು ಎಂದು ಪ್ರಾಚೀನರು ಮೆಚ್ಚಿಕೊಂಡರು. 1766ರಲ್ಲಿ ಜರ್ಮನ್ ಲೇಖಕ ಲೆಸ್ಸಿಂಗ್ ಅದನ್ನು ತಳ್ಳಿಹಾಕಿದ: ಚಿತ್ರಿಸಲು ಸಾಧ್ಯವಿತ್ತು, ಆದರೆ ಅಂಥ ದುಃಖದಲ್ಲಿ ಮುಖ ವಿಕಾರವಾಗುತ್ತದೆ, ಚೆಲುವಿಗಾಗಿ ಕಲಾವಿದ ಅದನ್ನು ಬಿಟ್ಟುಕೊಟ್ಟ ಎಂದ. ಎರಡೂ ಕಡೆಯವರು ಒಂದನ್ನು ಗಮನಿಸಿದಂತಿಲ್ಲ. ಸಾಯುತ್ತಿರುವವಳು ಮಗಳು, ಚರ್ಚೆಯೆಲ್ಲ ಅಪ್ಪನದು.

ರೋಮನರ ಕೈಯಲ್ಲಿ ಬಲಿ ಸರ್ಕಾರಿ ಕಲಾಪವಾಯಿತು. ಚಕ್ರವರ್ತಿ ಮಾರ್ಕಸ್ ಆರೇಲಿಯಸ್‌ನ ಉಬ್ಬುಶಿಲ್ಪವೊಂದರಲ್ಲಿ ಆತ ಸಂಪ್ರದಾಯದಂತೆ ಮೇಲುಡುಪಿನ ಸೆರಗನ್ನು ತಲೆಯ ಮೇಲೆ ಹೊದ್ದು ಬೆಂಕಿಗೆ ಕಾಣಿಕೆ ಹಾಕುತ್ತಿದ್ದಾನೆ. ಕಡಿಯಬೇಕಾದ ಎತ್ತು ಜನರ ನಡುವಿನಿಂದ ಇಣುಕುತ್ತಿದೆ. ಹಂದಿ, ಕುರಿ, ಎತ್ತು ಮೂರನ್ನೂ ಒಟ್ಟಿಗೆ ಒಯ್ಯುವ ದೃಶ್ಯ ಟ್ರಾಜನ್ನನ ಸ್ತಂಭದಲ್ಲಿ ಒಂದಕ್ಕಿಂತ ಹೆಚ್ಚು ಸಲ ಬರುತ್ತದೆ. ಅಚ್ಚುಕಟ್ಟಾದ, ನೀರಸವಾದ ಶಿಲ್ಪಗಳು. ಕೊಲ್ಲುವುದನ್ನು ನೇರವಾಗಿ ಕೆತ್ತಿದವರು ಮಿತ್ರ ದೇವತೆಯ ಆರಾಧಕರು. ಗೂಳಿಯ ಬೆನ್ನ ಮೇಲೆ ಮೊಣಕಾಲೂರಿ ಮಿತ್ರ ಕಠಾರಿ ಇರಿಯುತ್ತಾನೆ. ಆದರೆ ಅನೇಕ ಶಿಲ್ಪಗಳಲ್ಲಿ ಅವನೂ ಮುಖವನ್ನು ಅತ್ತ ತಿರುಗಿಸಿಕೊಂಡಿದ್ದಾನೆ!

391ರಲ್ಲಿ ಚಕ್ರವರ್ತಿ ಥಿಯೊಡೋಸಿಯಸ್ ಪಶುಬಲಿಯನ್ನು ನಿಷೇಧಿಸಿದ. ಕಣ್ಣೆದುರು ನಡೆಯುತ್ತಿದ್ದ ಆಚರಣೆ ಕ್ರಮೇಣ ಕೇವಲ ಕಥೆಯಾಗಿ ಉಳಿಯಿತು. 1515-16ರಲ್ಲಿ ಚಿತ್ರಕಾರ ರಾಫೆಲ್ ಬೈಬಲ್ಲಿನ ಲಿಸ್ತ್ರ ಊರಿನ ಬಲಿಯ ದೃಶ್ಯವನ್ನು ಬರೆಯುವ ಹೊತ್ತಿಗೆ, ಎತ್ತನ್ನು ಹೇಗೆ ಹಿಡಿಯುತ್ತಿದ್ದರು ಎಂದು ತಿಳಿಯಲು ರೋಮನ್ ಉಬ್ಬುಶಿಲ್ಪವನ್ನೇ ನೋಡಬೇಕಾಯಿತು.

ಕ್ರೈಸ್ತರ ದೊಡ್ಡ ಬಲಿ ಶಿಲುಬೆಯದು. ವಿಚಿತ್ರವೆಂದರೆ ಮೊದಲ ಶತಮಾನಗಳಲ್ಲಿ ಅವರು ಅದನ್ನು ಬಹುಮಟ್ಟಿಗೆ ಚಿತ್ರಿಸಲೇ ಇಲ್ಲ. ಆ ಜಾಗದಲ್ಲಿ ಅಬ್ರಹಾಮ ಮಗ ಇಸಾಕನನ್ನು ಬಲಿಕೊಡಲು ಹೊರಟ ಹಳೆಯ ಒಡಂಬಡಿಕೆಯ ಕಥೆ ಬಂತು. ಕ್ರಿಸ್ತನ ಮರಣಕ್ಕೆ ಅದು ಮುನ್ಸೂಚನೆ ಎಂಬುದು ನಂಬಿಕೆ. 359ರ ಜೂನಿಯಸ್ ಬಾಸಸ್‌ನ ಶವಪೆಟ್ಟಿಗೆಯ ಮೇಲೂ, ಆರನೆಯ ಶತಮಾನದ ರಾವೆನ್ನಾದ ಸಾನ್ ವಿತಾಲೆ ಚರ್ಚಿನ ಮೊಸಾಯಿಕ್‌ಗಳಲ್ಲೂ ಅಬ್ರಹಾಮ ಕತ್ತಿ ಎತ್ತಿದ್ದಾನೆ, ಗಾಬರಿಯ ಸುಳಿವಿಲ್ಲ. ಕೊನೆಗೆ ದೇವದೂತ ತಡೆಯುತ್ತಾನೆ, ಮಗನ ಬದಲಿಗೆ ಟಗರು ಸಿಗುತ್ತದೆ ಎಂದು ಗೊತ್ತಿರುವ ಕಥೆ ತಾನೆ?

ಆ ನೆಮ್ಮದಿ ಕದಡಿದ್ದು 1401ರಲ್ಲಿ. ಫ್ಲಾರೆನ್ಸಿನ ದೀಕ್ಷಾಮಂದಿರಕ್ಕೆ ಕಂಚಿನ ಬಾಗಿಲು ಮಾಡಿಸಲು ಬಟ್ಟೆ ವ್ಯಾಪಾರಿಗಳ ಸಂಘ ಸ್ಪರ್ಧೆ ಏರ್ಪಡಿಸಿ, ಇಸಾಕನ ಬಲಿಯನ್ನೇ ವಸ್ತುವಾಗಿ ಕೊಟ್ಟಿತು. ಸ್ಪರ್ಧಿಸಿದ ಏಳು ಜನರಲ್ಲಿ ಇಬ್ಬರ ಫಲಕಗಳು ಇಂದಿಗೂ ಬಾರ್ಜೆಲ್ಲೊ ಮ್ಯೂಸಿಯಂನಲ್ಲಿವೆ. ಬ್ರುನೆಲೆಸ್ಕಿಯ ಅಬ್ರಹಾಮ ಮಗನ ದವಡೆಗೆ ಕೈಹಾಕಿ ಕತ್ತು ಹೊರಳಿಸಿದ್ದಾನೆ, ಕತ್ತಿ ಚರ್ಮದ ಹತ್ತಿರವಿದೆ, ದೇವದೂತ ಅವನ ಕೈಯನ್ನು ಹಿಡಿದೇ ತಡೆಯಬೇಕಾಗಿದೆ. ಗಿಬರ್ಟಿಯ ಅಬ್ರಹಾಮ ಕತ್ತಿಯನ್ನು ಹಿಂದಕ್ಕೆಳೆದು ತಡೆದಿದ್ದಾನೆ. ಬೆತ್ತಲೆ ಇಸಾಕ ಪ್ರಾಚೀನ ವಿಗ್ರಹದಷ್ಟು ಚೆಲುವ. ಗೆದ್ದದ್ದು ಗಿಬರ್ಟಿ. ತೀರ್ಪು ಸರ್ವಾನುಮತದ್ದು ಎಂದು ಅವನೇ ಬರೆದುಕೊಂಡ. ಕೆಲಸವನ್ನು ಇಬ್ಬರಿಗೂ ಹಂಚಿದ್ದರು, ಬ್ರುನೆಲೆಸ್ಕಿ ಒಲ್ಲೆನೆಂದ ಎಂದು ಬ್ರುನೆಲೆಸ್ಕಿಯ ಜೀವನಚರಿತ್ರಕಾರ ಬರೆದ. ಗಿಬರ್ಟಿಯ ಫಲಕದ ಬಹುಭಾಗ ಒಂದೇ ಎರಕದ್ದು, ಕಂಚೂ ಕಡಿಮೆ ಬಳಕೆಯಾಗಿತ್ತು. ದುಡ್ಡು ಕೊಡುವ ವ್ಯಾಪಾರಿಗಳಿಗೆ ಇದು ಸಣ್ಣ ವಿಷಯವಲ್ಲ. ಕುಶಲತೆಯಲ್ಲಿ ಗಿಬರ್ಟಿಯೇ ಮುಂದು, ಒಪ್ಪುತ್ತೇನೆ. ಆದರೆ ಕೊಲ್ಲುವುದೆಂದರೆ ಏನೆಂದು ಬಲ್ಲವನು ಬ್ರುನೆಲೆಸ್ಕಿ.

ಬಲಿಯಾಗುವುದೇ ನಮ್ಮತ್ತ ತಿರುಗಿ ನೋಡಿದರೆ? ವಾನ್ ಐಕ್ ಸಹೋದರರು ಬರೆದ, 1432ರಲ್ಲಿ ಮುಗಿದ ಘೆಂಟ್ ನಗರದ ಬೃಹತ್ ಚಿತ್ರದಲ್ಲಿ ಪೀಠದ ಮೇಲೆ ಕ್ರಿಸ್ತನ ಸಂಕೇತವಾದ ಕುರಿಮರಿಯೊಂದು ನಿಂತಿದೆ. ಎದೆಯ ರಕ್ತ ಚಿನ್ನದ ಬಟ್ಟಲಿಗೆ ಸುರಿಯುತ್ತಿದೆ. 16ನೆಯ ಶತಮಾನದಲ್ಲಿ ಯಾರೋ ಅದರ ತಲೆಯ ಮೇಲೆ ಬಣ್ಣ ಬಳಿದು ಸಾಧುವಾದ ಕುರಿಯ ಮುಖ ಬರೆದರು. ಇತ್ತೀಚಿನ ಶುದ್ಧೀಕರಣದಲ್ಲಿ ಆ ಪದರ ತೆಗೆದಾಗ ಕಂಡದ್ದು ನೆಟ್ಟ ನೋಟದ, ಹೆಚ್ಚುಕಡಿಮೆ ಮನುಷ್ಯರಂಥ ಕಣ್ಣುಗಳು. ಜಗತ್ತು ನಕ್ಕಿತು. ನನಗೆ ಕುತೂಹಲ ಹುಟ್ಟಿಸುವುದು ಬಣ್ಣ ಬಳಿದವರ ಸಂಗತಿ: ಆ ನೋಟ ಅವರಿಗೆ ಸಹಿಸದಾಯಿತೇನೊ.

ಕ್ಯಾರವಾಜಿಯೊ 1603ರ ಸುಮಾರಿಗೆ ಮಫ್ಫೆಯೊ ಬಾರ್ಬೆರಿನಿಗಾಗಿ ಬರೆದ ಚಿತ್ರದಲ್ಲಿ (ಬಾರ್ಬೆರಿನಿ ಮುಂದೆ ಪೋಪ್ ಆದ) ಇಂಥ ನೋಟಕ್ಕೆ ಯಾವ ತೆರೆಯೂ ಇಲ್ಲ. ಇಸಾಕನ ಕೆನ್ನೆ ಕಲ್ಲಿಗೊತ್ತಿದೆ, ಅಪ್ಪನ ಹೆಬ್ಬೆರಳು ಅದರೊಳಗೆ ನಾಟಿದೆ, ಹುಡುಗ ಬಾಯ್ದೆರೆದು ಚೀರುತ್ತಿದ್ದಾನೆ. ಟಗರು ಪಕ್ಕದಲ್ಲೇ ಕತ್ತು ಚಾಚಿ ನಿಂತಿದೆ. ಸುಮಾರು ಮೂವತ್ತು ವರ್ಷದ ನಂತರ, 1635ರಲ್ಲಿ, ರೆಂಬ್ರಾಂಟ್ ಮುಖವನ್ನು ಮತ್ತೆ ಮುಚ್ಚಿದ. ಆದರೆ ಅಪ್ಪನದಲ್ಲ, ಮಗನದು. ಈಗ ಸೇಂಟ್ ಪೀಟರ್ಸ್‌ಬರ್ಗಿನ ಹರ್ಮಿಟೇಜ್‌ನಲ್ಲಿರುವ ಆ ಚಿತ್ರದಲ್ಲಿ ಅಬ್ರಹಾಮನ ದೊಡ್ಡ ಅಂಗೈ ಇಸಾಕನ ಇಡೀ ಮುಖವನ್ನು ಅದುಮಿದೆ, ಬೆಳಕೆಲ್ಲ ಕೊರಳ ಮೇಲೆ. ಜಾರಿದ ಕತ್ತಿ ಗಾಳಿಯಲ್ಲಿದೆ. ನಾಟಕೀಯತೆ ಸ್ವಲ್ಪ ಅತಿಯಾಯಿತು ಎನ್ನಿಸದಿರದು. ರೆಂಬ್ರಾಂಟನಿಗೂ ಹಾಗೆ ಅನ್ನಿಸಿರಬೇಕು. 1655ರಲ್ಲಿ ಅದೇ ವಸ್ತುವನ್ನು ಚಿಕ್ಕ ಎಚಿಂಗ್ ಆಗಿ ಮಾಡಿದ. ಅಲ್ಲಿ ಮಗ ತಂದೆಯ ತೊಡೆಗೊರಗಿ ಮೊಣಕಾಲೂರಿದ್ದಾನೆ, ಅಪ್ಪ ಅವನ ಕಣ್ಣನ್ನಷ್ಟೇ ಮುಚ್ಚಿದ್ದಾನೆ, ದೇವದೂತ ಹಿಂದಿನಿಂದ ಬಂದು ಅಪ್ಪನನ್ನು ತಬ್ಬಿದ್ದಾನೆ. ಬಿಡುಗಡೆಯಾದರೂ ಅಬ್ರಹಾಮನ ಮುಖದಲ್ಲಿ ನಿರಾಳವಿಲ್ಲ. ಇಡೀ ಪರಂಪರೆಯಲ್ಲಿ ಇದಕ್ಕೆ ಸಾಟಿಯಾದುದನ್ನು ನಾನು ಕಾಣೆ.

ಮುಂದಿನ ಶತಮಾನ ಇಫಿಜೀನಿಯಾಳತ್ತ ಮರಳಿತು. 1757ರಲ್ಲಿ ಟಿಯಪೊಲೊ ವಿಚೆಂಜಾದ ಬಂಗಲೆಯೊಂದರ ಗೋಡೆಯ ಮೇಲೆ ಅಗಮೆಮ್ನಾನನಿಗೆ ಮತ್ತೆ ಮುಸುಕೆಳೆದ. 1789ರ ಚಿತ್ರದಲ್ಲಿ ಫ್ರೆಂಚ್ ಕಲಾವಿದ ದಾವಿದ್ ದೇವರನ್ನೇ ಪಕ್ಕಕ್ಕಿಟ್ಟ. ಗಣರಾಜ್ಯದ ವಿರುದ್ಧ ಸಂಚು ಹೂಡಿದ ಸ್ವಂತ ಮಕ್ಕಳಿಗೆ ಮರಣದಂಡನೆ ವಿಧಿಸಿದ ರೋಮಿನ ಬ್ರೂಟಸ್, ಹೆಣಗಳು ಮನೆಗೆ ಬರುವಾಗ ಬೆನ್ನು ಹಾಕಿ ನೆರಳಲ್ಲಿ ಕೂತಿದ್ದಾನೆ. ಬಲಿ ಬೇಡುವುದು ಈಗ ರಾಜ್ಯ.

ಆ ಬೇಡಿಕೆ 1914ರಲ್ಲಿ ಮನೆಮನೆಯ ಬಾಗಿಲಿಗೆ ಬಂತು. ಬರ್ಲಿನ್ನಿನ ಕಲಾವಿದೆ ಕೇಟೆ ಕೋಲ್ವಿಟ್ಸ್‌ಳ ಕಿರಿಯ ಮಗ ಪೀಟರ್ ಇನ್ನೂ 18ರವನು; ಸೈನ್ಯ ಸೇರಲು ತಂದೆಯ ಒಪ್ಪಿಗೆ ಬೇಕಿತ್ತು. ಒಲ್ಲದ ಗಂಡನನ್ನು ಒಪ್ಪಿಸಿದವಳು ಕೇಟೆಯೇ. ಅಕ್ಟೋಬರಿನಲ್ಲಿ ಪೀಟರ್ ಬೆಲ್ಜಿಯಂನಲ್ಲಿ ಸತ್ತ. 1920ರ ದಶಕದ ಆರಂಭದಲ್ಲಿ ಅವಳು ಕೊರೆದ ‘ಯುದ್ಧ’ ಎಂಬ ಏಳು ಮರದಚ್ಚು ಚಿತ್ರಗಳ ಮಾಲೆಯಲ್ಲಿ ಮೊದಲನೆಯದರ ಹೆಸರು ‘ಬಲಿ’. ಬೆತ್ತಲೆ ತಾಯಿಯೊಬ್ಬಳು ಎಳೆಗೂಸನ್ನು ಎರಡೂ ಕೈಯಲ್ಲಿ ಮುಂದೊಡ್ಡುತ್ತಾಳೆ. ಅಲ್ಲಿ ಪೀಠವಿಲ್ಲ, ದೇವದೂತನಿಲ್ಲ, ಬದಲಿಗೆ ಸಿಗುವ ಟಗರೂ ಇಲ್ಲ. ಅಗಮೆಮ್ನಾನನ ಸ್ಥಾನದಲ್ಲಿ ನಿಂತವಳೇ ಕೊರೆಯುವ ಉಳಿ ಹಿಡಿದದ್ದು ಇಲ್ಲಿ. ಹೊರಗಿನವರು ಎರಡು ಸಾವಿರ ವರ್ಷ ಊಹಿಸಿ ಬರೆದ ಮುಖವನ್ನು ಅವಳು ಒಳಗಿನಿಂದ ಬಲ್ಲಳು.

ಆಮೇಲಿನವರಲ್ಲಿ ಆಸ್ಟ್ರಿಯಾದ ಹರ್ಮನ್ ನಿಟ್ಷ್‌ನನ್ನು ಬಿಡುವಂತಿಲ್ಲ. ಬಲಿಯನ್ನು ಚಿತ್ರಿಸುವ ಬದಲು 1960ರ ದಶಕದಿಂದ ಕುರಿಯ ಹೆಣ, ರಕ್ತ, ಕರುಳುಗಳನ್ನೇ ಪ್ರದರ್ಶನಕ್ಕೆ ತಂದವನು ಆತ. 1998ರಲ್ಲಿ ಪ್ರಿನ್ಜೆನ್‌ಡಾರ್ಫ್‌ನ ತನ್ನ ಕೋಟೆಮನೆಯಲ್ಲಿ ಆರು ದಿನಗಳ ಪ್ರಯೋಗ ನಡೆಸಿದ, ಪ್ರಾಣಿಪ್ರಿಯರು ಪ್ರತಿಭಟಿಸಿದರು. ಅವನು ಬಿಟ್ಟುಹೋದ ಛಾಯಾಚಿತ್ರಗಳಲ್ಲಿ ರಕ್ತಕ್ಕೇನೂ ಕೊರತೆಯಿಲ್ಲ. ಆದರೆ ನೋಡುತ್ತ ಹೋದಂತೆ ಕಣ್ಣು ಮರಗಟ್ಟುತ್ತದೆ. ಬ್ರುನೆಲೆಸ್ಕಿಯ ಕಂಚಿನ ಕತ್ತಿ ಆರು ನೂರು ವರ್ಷಗಳಿಂದ ಚರ್ಮವನ್ನು ಮುಟ್ಟಿಲ್ಲ. ಹೆದರಿಕೆ ಹುಟ್ಟಿಸುವುದು ಅದೇ.