ಡಬ್ಬಿಯ ಪಾಕದಿಂದ ಮಾಲ್ಟ್ ಕಾಳಿಗೆ: ಮನೆ ಬಿಯರಿನ ಎರಡು ವಿಧಾನಗಳ ಕುರಿತು ಟಿಪ್ಪಣಿ

ಅಮೆರಿಕದಲ್ಲಿ ಮನೆಯಲ್ಲೇ ಬಿಯರ್ ತಯಾರಿಸಲು ಕಲಿಯುವವರು ಸಾಮಾನ್ಯವಾಗಿ ಮೊದಲು ಅಂಗಡಿಯ ಮಾಲ್ಟ್ ಎಕ್ಸ್‌ಟ್ರಾಕ್ಟ್ ಬಳಸುತ್ತಾರೆ. ಇದು ಪಾಕದ ರೂಪದಲ್ಲೋ ಪುಡಿಯ ರೂಪದಲ್ಲೋ ಸಿಗುತ್ತದೆ. ಕೈ ಪಳಗಿದ ಮೇಲೆ ಮಾಲ್ಟ್ ಕಾಳನ್ನೇ ತಂದು ತಾವೇ ಸಿಹಿರಸ ತೆಗೆಯುತ್ತಾರೆ. ಇದಕ್ಕೆ ಆಲ್-ಗ್ರೇನ್ ವಿಧಾನ ಎಂದು ಹೆಸರು. ಮೊದಲನೆಯದು ಕೆಳಗಿನದು, ಎರಡನೆಯದು ಮೇಲಿನದು ಎಂಬ ಎಣಿಕೆ ರೂಢಿಯಲ್ಲಿದೆ. ಈ ಕ್ರಮ ಹೇಗೆ ಬಂತು, ಒಂದರಿಂದ ಇನ್ನೊಂದಕ್ಕೆ ಹೋಗುವಾಗ ನಿಜವಾಗಿ ಬದಲಾಗುವುದೇನು ಎಂಬುದನ್ನು ಇಲ್ಲಿ ಪರಿಶೀಲಿಸಲಾಗಿದೆ.

ಯುರೋಪಿನ ರೈತರ ಮನೆಗಳಲ್ಲಿ ಶತಮಾನಗಳ ಕಾಲ ಬಿಯರ್ ತಯಾರಾದದ್ದು ಕಾಳಿನಿಂದಲೇ. ಎಕ್ಸ್‌ಟ್ರಾಕ್ಟ್ ಅಮೆರಿಕದ ಅಡುಗೆಮನೆಗಳಲ್ಲಿ ನೆಲೆಯೂರಲು ಮುಖ್ಯ ಕಾರಣ 1920ರಿಂದ 1933ರವರೆಗಿನ ಪಾನನಿಷೇಧ. ಬಿಯರ್ ಮಾರುವಂತಿಲ್ಲದ ಕಂಪನಿಗಳು ಬ್ರೆಡ್ಡು, ಬಿಸ್ಕತ್ತಿಗೆಂದು ಮಾಲ್ಟ್ ಪಾಕವನ್ನು ಡಬ್ಬಿಗಳಲ್ಲಿ ಮಾರಿದವು. ಕೊಂಡವರಲ್ಲಿ ಬಹಳ ಮಂದಿ ಅದನ್ನು ಹುದುಗಿಸಿದರು. ನಿಷೇಧ ತೆರವಾದಾಗ ಮನೆಯಲ್ಲಿ ವೈನ್ ಮಾಡಲು ಅವಕಾಶ ಸಿಕ್ಕಿತು, ಬಿಯರಿಗೆ ಸಿಗಲಿಲ್ಲ. ಆ ಕೊರತೆ ತುಂಬಿದ್ದು 1978ರ ಅಕ್ಟೋಬರ್ 14ರಂದು ಅಧ್ಯಕ್ಷ ಜಿಮ್ಮಿ ಕಾರ್ಟರ್ ಸಹಿ ಹಾಕಿದ ಕಾನೂನು. 1984ರಲ್ಲಿ ಪ್ರಕಟವಾದ ಚಾರ್ಲಿ ಪಪಾಜಿಯನ್ ಅವರ ಪ್ರಸಿದ್ಧ ಕೈಪಿಡಿ ಎಕ್ಸ್‌ಟ್ರಾಕ್ಟ್ ಅನ್ನು ಹೊಸಬರಿಗೂ ಪೂರ್ಣ ಕಾಳಿನ ವಿಧಾನವನ್ನು ನುರಿತವರಿಗೂ ಹಂಚಿ ಪಾಠ ಹೇಳಿತು. ಹೀಗೆ ಇಂದಿನ ಮೆಟ್ಟಿಲುಗಳನ್ನು ಕಟ್ಟಿದ್ದು ಕಾನೂನು, ಮಾರುಕಟ್ಟೆ ಮತ್ತು ಬೋಧನೆಯ ಅನುಕೂಲ. ಕಾಳಿನ ಕೆಲಸ ಸ್ವಭಾವತಃ ಕಠಿಣ ಎಂಬುದಕ್ಕೆ ಈ ಕ್ರಮವೇ ಆಧಾರವಾಗಲಾರದು.

ಪ್ರಕ್ರಿಯೆಯನ್ನು ನೋಡಿದರೆ ಇದು ಇನ್ನೂ ಸ್ಪಷ್ಟವಾಗುತ್ತದೆ. ಬಾರ್ಲಿಯನ್ನು ನೆನೆಸಿ, ಮೊಳಕೆ ಬರಿಸಿ, ಒಣಗಿಸಿದರೆ ಮಾಲ್ಟ್. ರಾಗಿ ಮಾಲ್ಟ್ ಮಾಡುವ ಕನ್ನಡದ ಮನೆಗಳಿಗೆ ಇದು ಹೊಸತಲ್ಲ: ಮೊಳಕೆ ರಾಗಿಯ ಗಂಜಿ ಸಾಮಾನ್ಯ ರಾಗಿಹಿಟ್ಟಿನ ಗಂಜಿಗಿಂತ ತೆಳುವಾಗಿ ಸಿಹಿಯಾಗುವುದು ಅಮೈಲೇಸ್ ಕಿಣ್ವಗಳು ಪಿಷ್ಟವನ್ನು ಒಡೆಯುವುದರಿಂದ. ಇದೇ ಗುಣದ ಕಿಣ್ವಾಂಶವನ್ನು 1833ರಲ್ಲಿ ಫ್ರಾನ್ಸಿನ ಪಾಯೆನ್ ಮತ್ತು ಪೆರ್ಸೋ ಬಾರ್ಲಿ ಮಾಲ್ಟಿನಿಂದ ಬೇರ್ಪಡಿಸಿ ‘ಡಯಾಸ್ಟೇಸ್’ ಎಂದು ಕರೆದರು. ನುಚ್ಚಾದ ಮಾಲ್ಟನ್ನು ಬಿಸಿನೀರಿನಲ್ಲಿ ಸುಮಾರು ಒಂದು ಗಂಟೆ ಇಡುವ ಹಂತಕ್ಕೆ ಮ್ಯಾಶ್ ಎನ್ನುತ್ತಾರೆ. ಅಲ್ಲಿ ಬೀಟಾ ಅಮೈಲೇಸ್ 62ರಿಂದ 65 ಡಿಗ್ರಿ ಸೆಲ್ಸಿಯಸ್ ಆಸುಪಾಸಿನಲ್ಲಿ, ಆಲ್ಫಾ ಅಮೈಲೇಸ್ 70ರ ಆಸುಪಾಸಿನಲ್ಲಿ ಚುರುಕಾಗಿರುತ್ತವೆ. ಶಾಖ ಕಡಿಮೆಯಿದ್ದರೆ ಯೀಸ್ಟ್ ಹುದುಗಿಸಬಲ್ಲ ಸಕ್ಕರೆ ಹೆಚ್ಚಿ ಬಿಯರ್ ತೆಳುವಾಗುತ್ತದೆ. ಹೆಚ್ಚಿದ್ದರೆ ಹುದುಗದ ಅಂಶ ಉಳಿದು ಮಂದವಾಗುತ್ತದೆ. ಎಕ್ಸ್‌ಟ್ರಾಕ್ಟ್ ಎಂದರೆ ಕಾರ್ಖಾನೆಯಲ್ಲಿ ಮ್ಯಾಶ್ ಮುಗಿಸಿ, ನೀರು ಇಂಗಿಸಿದ ರಸ. ಅಲ್ಲಿ ಈ ಶಾಖವನ್ನು ಬೇರೆಯವರು ನಿರ್ಧರಿಸಿರುತ್ತಾರೆ. ಕಾಳಿಗೆ ಹೋದವರು ಆ ನಿರ್ಧಾರವನ್ನು ತಮ್ಮ ಕೈಗೆ ತೆಗೆದುಕೊಳ್ಳುತ್ತಾರೆ. ಹಾಪ್ಸ್ ಹಾಕಿ ಕುದಿಸುವುದು, ಆರಿಸುವುದು, ಶುಚಿತ್ವ, ಹುದುಗು ಎಲ್ಲವೂ ಎರಡರಲ್ಲೂ ಒಂದೇ.

ಒಂದು ಲೆಕ್ಕ ನೋಡೋಣ. 19 ಲೀಟರ್ ಬಿಯರಿಗೆ 4.5 ಕಿಲೋ ಮಾಲ್ಟ್ ಬಳಸಿ, ಅದರಲ್ಲಿರುವ ಸಕ್ಕರೆಯ ಶೇಕಡ 72ರಷ್ಟನ್ನು ಪಡೆದರೆ ರಸದ ಸಾಂದ್ರತೆ ಸುಮಾರು 1.051. ಇಷ್ಟಕ್ಕೆ ಪುಡಿ ಎಕ್ಸ್‌ಟ್ರಾಕ್ಟ್ ಸುಮಾರು 2.6 ಕಿಲೋ ಸಾಕು. ಶೇಕಡ 60 ಮಾತ್ರ ಸಿಕ್ಕರೆ ಅದೇ ಕಾಳಿನಿಂದ 1.043 ಅಷ್ಟೆ. ಹೊಸಬರು ಮೊದಲು ಎದುರಿಸುವ ನಿರಾಶೆ ಇದೇ. ನುಚ್ಚು ತೀರ ದಪ್ಪವಾಗಿರುವುದು ಇದಕ್ಕೆ ಸಾಮಾನ್ಯ ಕಾರಣ. ನೀರಿನ ಲೆಕ್ಕವೂ ಬೇರೆ: ಕಿಲೋ ಕಾಳು ಸುಮಾರು ಒಂದು ಲೀಟರ್ ನೀರು ಹಿಡಿದಿಟ್ಟುಕೊಳ್ಳುತ್ತದೆ, ಒಂದು ಗಂಟೆಯ ಕುದಿಯಲ್ಲಿ ಮೂರು ನಾಲ್ಕು ಲೀಟರ್ ಆವಿಯಾಗುತ್ತದೆ. ಹೀಗಾಗಿ ಒಟ್ಟು ಸುಮಾರು 28 ಲೀಟರ್ ನೀರೂ ದೊಡ್ಡ ಪಾತ್ರೆಯೂ ಬೇಕು. ಕಾಳು 20 ಡಿಗ್ರಿಯಲ್ಲಿದ್ದು ಕಿಲೋಗೆ 3 ಲೀಟರಿನಂತೆ ನೀರು ಹಾಕುವುದಾದರೆ, ಮ್ಯಾಶ್ 67ಕ್ಕೆ ನಿಲ್ಲಲು ನೀರು 73 ಡಿಗ್ರಿ ದಾಟಿರಬೇಕು.

ಆದ್ದರಿಂದ ಜಿಗಿತಕ್ಕಿಂತ ಸೇತುವೆ ಮೇಲು. ಬೇಕಾದ ಸಕ್ಕರೆಯ ಅರ್ಧ ಭಾಗವನ್ನು ಎಕ್ಸ್‌ಟ್ರಾಕ್ಟ್‌ನಿಂದ ಪಡೆದು, ಉಳಿದರ್ಧಕ್ಕೆ ಕಾಳನ್ನು ಮ್ಯಾಶ್ ಮಾಡಿದರೆ ಶಾಖ ಹಿಡಿಯುವ ಅಭ್ಯಾಸವಾಗುತ್ತದೆ. ತಪ್ಪಿದರೂ ಬಿಯರ್ ಕೆಡುವುದಿಲ್ಲ. ಬಟ್ಟೆಚೀಲದಲ್ಲಿ ಕಾಳಿಟ್ಟು ಒಂದೇ ಪಾತ್ರೆಯಲ್ಲಿ ಮ್ಯಾಶ್ ಮಾಡುವ, ಆಸ್ಟ್ರೇಲಿಯಾದ ಹವ್ಯಾಸಿಗಳು ಬಳಕೆಗೆ ತಂದ ವಿಧಾನ ಖರ್ಚನ್ನೂ ಇಳಿಸುತ್ತದೆ. ಮ್ಯಾಶ್ ಮುಗಿಯಿತೇ ಎಂದು ತಿಳಿಯಲು ಒಂದು ಹನಿ ರಸವನ್ನು ಬಿಳಿ ತಟ್ಟೆಯ ಮೇಲೆ ಬೇರೆ ತೆಗೆದು ಅಯೋಡಿನ್ ಹಾಕಿದರೆ ಸಾಕು: ಬಣ್ಣ ಕಪ್ಪುನೀಲಿಗೆ ತಿರುಗಿದರೆ ಪಿಷ್ಟ ಇನ್ನೂ ಉಳಿದಿದೆ.

ಕರ್ನಾಟಕದಲ್ಲಿ 1965ರ ಅಬಕಾರಿ ಕಾಯಿದೆಯಂತೆ ಪರವಾನಗಿಯಿಲ್ಲದೆ ಮದ್ಯ ತಯಾರಿಸುವುದು ಅಪರಾಧ. ಇಲ್ಲಿಯ ಲೆಕ್ಕಗಳು ಕಾನೂನು ಒಪ್ಪಿರುವ ದೇಶಗಳಲ್ಲಿರುವ ಓದುಗರಿಗೆ ಸಲ್ಲುತ್ತವೆ. ಒಳ್ಳೆಯ ಬಿಯರ್ ಎರಡೂ ವಿಧಾನಗಳಿಂದ ಸಾಧ್ಯ. ಕಾಳಿನ ವಿಧಾನ ಹೆಚ್ಚಿಗೆ ಕೊಡುವುದು ಶಾಖದ ಮೇಲಿನ ಹಿಡಿತವನ್ನು. ಅದಕ್ಕೆ ಮೊದಲು ಬೇಕಾದ ಉಪಕರಣ ನಂಬಬಹುದಾದ ಒಂದು ಥರ್ಮಾಮೀಟರ್.