ತಲಪರಿಗೆಯ ಸೀಮೆಯ ನೀರು, ಉಪ್ಪು, ನೆತ್ತರು

ಮಧುಗಿರಿಯ ದುರ್ಗವನ್ನೂ ಸಿರಾದ ಮೊಗಲ ಸುಬೆಯನ್ನೂ ಕುರಿತು ಬರೆದವರು ಅನೇಕರುಂಟು. ಆದರೆ ಕೊರಟಗೆರೆಯಿಂದ ಪಾವಗಡದವರೆಗಿನ ಈ ಒಣಸೀಮೆಯ ಜನ ಯಾವುದರ ಬಲದಿಂದ ಬದುಕಿ ಉಳಿದರೆಂದು ಕೇಳಿದರೆ ತಲಪರಿಗೆಯ ಹೆಸರನ್ನೇ ಮೊದಲು ಹೇಳಬೇಕಾಗುತ್ತದೆ. ಮರಳುನೆಲವನ್ನು ತುಸುವೇ ಅಗೆದರೆ ಒಸರುವ ಊಟೆ, ಅದರಿಂದ ಹೊರಟ ಕಾಲುವೆ, ನೀರು ತಾನಾಗಿ ಮೇಲೇರದ ಕಡೆ ಅದನ್ನೆತ್ತುವ ಏತ, ಬೇಸಗೆಯಲ್ಲಿ ಅಚ್ಚುಕಟ್ಟಿನ ರೈತರೆಲ್ಲ ಕೂಡಿ ಹೂಳೆತ್ತುವ ಕಟ್ಟಳೆ, ಇವಿಷ್ಟೂ ಸೇರಿ ತಲಪರಿಗೆ. ಕೊರಟಗೆರೆ, ಮಧುಗಿರಿ, ಸಿರಾ, ಪಾವಗಡ ಈ ನಾಲ್ಕು ತಾಲ್ಲೂಕುಗಳನ್ನು ಹಾದುಹೋಗುವ ಊಟೆಗಳ ಸಾಲನ್ನು ಬಿ. ಎಲ್. ರೈಸ್ ತನ್ನ ಮೈಸೂರು ಗೆಜೆಟಿಯರಿನಲ್ಲಿ ಗುರುತಿಸಿದ್ದಾನೆ.

ಏತದ ಮರದ ಮೇಲೆ ಒಬ್ಬನು ಹಿಂದಕ್ಕೂ ಮುಂದಕ್ಕೂ ನಡೆಯುತ್ತಿದ್ದರೆ, ಕೆಳಗೆ ನಿಂತವನು ತುಂಬಿ ಬಂದ ನೀರನ್ನು ಕಾಲುವೆಗೆ ಮೊಗಚುತ್ತಿದ್ದ. ಆ ದುಡಿಮೆಗೆ ಒದಗುತ್ತಿದ್ದ ಆಹಾರವೆಂದರೆ ರಾಗಿಮುದ್ದೆ, ನವಣೆ ಸಾಮೆಗಳ ಅನ್ನ, ಹುರುಳಿಯ ಸಾರು, ಬದುವಿನ ಸೊಪ್ಪು. ಉಪ್ಪು ಮಾತ್ರ ಸುಲಭವಾಗಿರಲಿಲ್ಲ. ಕಡಲು ದೂರ, ಹೇರೆತ್ತುಗಳ ಬೆನ್ನ ಮೇಲೆ ಘಟ್ಟವೇರಿ ಬಂದ ಉಪ್ಪಿಗೆ ಬೆಲೆ ಹೆಚ್ಚು. ಆದುದರಿಂದ ಮೈಸೂರು ಸೀಮೆಯ ಒಣನಾಡಿನಲ್ಲಿ ಉಪ್ಪಾರರು, ಬೇಸಗೆಯ ಬಿಸಿಲಿಗೆ ಚೌಳುನೆಲದ ಮೇಲೆ ಬೆಳ್ಳಗೆ ಎದ್ದ ಮಣ್ಣನ್ನು ಕೆರೆದು ಗುಡ್ಡೆಹಾಕಿ, ಅದರ ಮೇಲೆ ನೀರೆರೆದು, ಬಸಿದುಬಂದ ಉಪ್ಪುನೀರನ್ನು ತಗ್ಗುಮಡಿಗಳಲ್ಲಿ ನಿಲ್ಲಿಸಿ ಆರಿಸಿ, ಕೊನೆಗೆ ಕಂದುಬಣ್ಣದ ಮಣ್ಣುಪ್ಪನ್ನು ಪಡೆಯುತ್ತಿದ್ದರು. ಇಷ್ಟು ಶ್ರಮದಿಂದ ಬಂದ ವಸ್ತುವನ್ನು ಬಡವರ ಮನೆಯಲ್ಲಿ ಯಾರೂ ಧಾರಾಳವಾಗಿ ಚೆಲ್ಲಲಾರರು.

ಉಪ್ಪಿನ ಮಾತು ರಕ್ತದೊತ್ತಡದ ಮಾತಿಗೆ ಎಳೆಯುತ್ತದೆ. ವೈದ್ಯನ ಕೈಗೆ ಅದನ್ನಳೆಯುವ ಪಟ್ಟಿ ಬಂದುದು 1896ರಲ್ಲಿ, ಇಟಲಿಯ ರೀವಾ-ರೊಚ್ಚಿಯಿಂದ. ನಾಳದ ಸದ್ದನ್ನು ಆಲಿಸಿ ಅಳೆಯುವ ಕ್ರಮವನ್ನು 1905ರಲ್ಲಿ ರಷ್ಯದ ಕೊರೊಟ್ಕೊವ್ ತಿಳಿಸಿದ. ಹೀಗಾಗಿ ಅದಕ್ಕೂ ಹಿಂದಿನ ತಲಪರಿಗೆಯ ರೈತನ ಒತ್ತಡವನ್ನು ಹೇಳುವ ದಾಖಲೆಯನ್ನು ಹುಡುಕುವುದು ವ್ಯರ್ಥ. ಆದರೂ ಅವನ ಊಟ ಉದ್ಯೋಗಗಳು ಇಂದಿನ ಶರೀರಶಾಸ್ತ್ರಕ್ಕೆ ಅರ್ಥವಾಗುವಂಥವೇ. ಧಮನಿಯ ಒಳಪದರದಲ್ಲಿ ಹುಟ್ಟುವ ನೈಟ್ರಿಕ್ ಆಕ್ಸೈಡ್ ನಾಳವನ್ನು ಸಡಿಲಿಸುತ್ತದೆ. ಈ ಶೋಧನೆಗಾಗಿ ಮೂವರು ವಿಜ್ಞಾನಿಗಳು 1998ರಲ್ಲಿ ನೊಬೆಲ್ ಪಡೆದರು. ಉಪ್ಪು ಹೆಚ್ಚಿ, ಬೀಡಿ ಸಿಗರೇಟುಗಳ ಹೊಗೆ ಸೇರಿ, ಮೈ ಜಡವಾದಾಗ ಆ ಒಳಪದರದಲ್ಲಿ ಮಿತಿಮೀರಿ ಹುಟ್ಟುವ ಆಮ್ಲಜನಕದ ಉಗ್ರಕಣಗಳು ನೈಟ್ರಿಕ್ ಆಕ್ಸೈಡನ್ನು ನಾಶಮಾಡುತ್ತವೆ. ನಾಳ ಬಿಗಿಯುತ್ತದೆ, ಒತ್ತಡವೇರುತ್ತದೆ, ಏರಿದ ಒತ್ತಡವು ಅಂಥ ಕಣಗಳನ್ನು ಮತ್ತಷ್ಟು ಹುಟ್ಟಿಸುತ್ತದೆ. ಉತ್ಕರ್ಷಣ ಒತ್ತಡವೆಂದು ಶಾಸ್ತ್ರಜ್ಞರು ಕರೆಯುವ ಈ ವಿಷಚಕ್ರಕ್ಕೆ ಎದುರಾಗಿ ನಿಲ್ಲುವವು ಏತದ ನಡಿಗೆ, ರಾಗಿಯ ಸಿಪ್ಪೆಯಲ್ಲಡಗಿದ ಫೀನಾಲ್ ಪದಾರ್ಥಗಳು, ಸೋಡಿಯಮ್ಮನ್ನು ಹೊರಹಾಕಲು ನೆರವಾಗುವ ಹುರುಳಿಯ ಪೊಟ್ಯಾಸಿಯಂ. ಇವುಗಳ ಕಾರ್ಯವನ್ನು ಗುಳಿಗೆಯೊಂದರಿಂದ ಸಾಧಿಸಬಹುದೆಂಬ ಆಸೆಯೂ ಒಮ್ಮೆ ಇದ್ದಿತು. ಆದರೆ 9,000ಕ್ಕೂ ಮಿಕ್ಕ ರೋಗಿಗಳ ಮೇಲೆ ನಡೆದು 2000ದಲ್ಲಿ ಪ್ರಕಟವಾದ ‘ಹೋಪ್’ ಪ್ರಯೋಗದಲ್ಲಿ, ಉತ್ಕರ್ಷಣವನ್ನು ತಡೆಯಬಲ್ಲ ವಿಟಮಿನ್ ಇ ಹೃದಯಾಘಾತವನ್ನಾಗಲಿ ಮರಣವನ್ನಾಗಲಿ ತಗ್ಗಿಸಲಿಲ್ಲ.

ಇಷ್ಟು ಹೇಳಿದ ಮಾತ್ರಕ್ಕೆ ಹಳೆಯ ಬಾಳನ್ನು ಹಾಡಿ ಹೊಗಳುವವರ ಗುಂಪಿಗೆ ನಾನು ಸೇರಲಾರೆ. 1876ರಿಂದ 78ರವರೆಗಿನ ಘೋರಕ್ಷಾಮದಲ್ಲಿ ಮೈಸೂರು ಸಂಸ್ಥಾನ ಎಷ್ಟು ಬರಿದಾಯಿತೆಂದರೆ, 1871ರಲ್ಲಿ 50 ಲಕ್ಷವನ್ನು ದಾಟಿದ್ದ ಜನಸಂಖ್ಯೆ 1881ರಲ್ಲಿ 42 ಲಕ್ಷಕ್ಕೆ ಇಳಿದಿದ್ದಿತು. ಬರ, ಪ್ಲೇಗು, ಕಾಲರಾಗಳನ್ನು ದಾಟಿ ಧಮನಿ ಗಡುಸಾಗುವ ವಯಸ್ಸನ್ನು ಮುಟ್ಟಿದವರೇ ವಿರಳ.

ಈಚಿನ ದಶಕಗಳಲ್ಲಿ ಕೊಳವೆಬಾವಿ ಬಂದು ಊಟೆಗಳು ಬತ್ತಿದುವು, ಏತ ಮೂಲೆ ಸೇರಿತು. ಆಳದ ಬಂಡೆಯಿಂದ ಮೇಲೆದ್ದ ನೀರು ಪಾವಗಡದ ಕಡೆ ಫ್ಲೋರೈಡನ್ನೂ ತಂದಿತು. ಅದು ಮಿತಿಮೀರಿದರೆ ಹಲ್ಲು ಮೂಳೆಗಳನ್ನು ಕೆಡಿಸುವುದಲ್ಲದೆ ಜೀವಕೋಶಗಳಲ್ಲಿ ಉತ್ಕರ್ಷಣವನ್ನೂ ಹೆಚ್ಚಿಸುತ್ತದೆ. ಪಾಲಿಶ್ ಮಾಡಿದ ಅಕ್ಕಿ ರಾಗಿಯ ಪಾಲನ್ನು ಕಿತ್ತುಕೊಂಡಿತು. ಮನೆಮನೆಯಲ್ಲಿ ‘ಬಿ.ಪಿ. ಮಾತ್ರೆ’ಯ ಮಾತು, ಒತ್ತಡ ಇಳಿದೊಡನೆ ಮಾತ್ರೆಯನ್ನು ಬಿಟ್ಟುಬಿಡುವ ಅವಿವೇಕವೂ ಅಷ್ಟೇ ಸಾಮಾನ್ಯ. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕನಿಗೆ ಸೂಚಿಸಿರುವ ಮಿತಿ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು. ಮುದ್ದೆಗೆ ಉಪ್ಪು ಬೆರೆಸದ ರೂಢಿ ಈ ಸೀಮೆಯ ಹಲವು ಮನೆಗಳಲ್ಲಿ ಇನ್ನೂ ಉಳಿದಿದೆ. ಉಪ್ಪು ಈಗ ಒಳಹೊಗುವುದು ಸಾರಿನಿಂದ, ಉಪ್ಪಿನಕಾಯಿಯಿಂದ, ಸಂತೆಯಿಂದ ಬರುವಾಗ ಮಕ್ಕಳಿಗೆಂದು ಕೊಂಡು ದೊಡ್ಡವರೂ ಮುಕ್ಕುವ ಖಾರದ ಪೊಟ್ಟಣದಿಂದ.