ಹಾಲೇರಿ ಮನೆತನದ ಕೊನೆಯ ದಿನಗಳು

ಕುಂಬಳೆ ಸೀಮೆಯಲ್ಲಿ ನೆಲಸಿದ ನಾವು ಕೊಡಗಿನ ಅರಸರ ಕಥೆಯನ್ನು ಪರರ ಕಥೆಯೆಂದು ಭಾವಿಸುವಂತಿಲ್ಲ. 1834ರಲ್ಲಿ ಆ ರಾಜ್ಯದ ಮೇಲೆ ಏರಿಹೋದ ಕಂಪೆನಿಯ ದಂಡುಗಳಲ್ಲೊಂದು ಹೊರಟದ್ದು ನಮ್ಮ ಕುಂಬಳೆಯಿಂದಲೇ. ಮಾಸ್ತಿಯವರ ಕಾದಂಬರಿಯನ್ನೋದಿದ ವಾಚಕರಿಗೆ ಚಿಕ್ಕವೀರರಾಜೇಂದ್ರನು ಅಪರಿಚಿತನಲ್ಲ. ಇಲ್ಲಿ ನಾವು ಹೇಳಹೊರಟಿರುವುದು ಇತಿಹಾಸವನ್ನು ಮಾತ್ರ.

1820ರಲ್ಲಿ ಪಟ್ಟವೇರಿದ ಈ ಅರಸನು ದಾಯಾದಿಗಳನ್ನು ಉಳಿಯಗೊಡಲಿಲ್ಲ. ಪ್ರಾಣಭಯದಿಂದ ಅವನ ತಂಗಿ ದೇವಮ್ಮಾಜಿಯೂ ಆಕೆಯ ಪತಿ ಚೆನ್ನಬಸಪ್ಪನೂ 1832ರಲ್ಲಿ ಮೈಸೂರಿಗೆ ಓಡಿಹೋಗಿ ಇಂಗ್ಲಿಷ್ ರೆಸಿಡೆಂಟನ ಮರೆಹೊಕ್ಕರು. ಮನೆಯೊಳಗಣ ಕಲಹವು ಹೀಗೆ ರಾಜಕಾರಣವಾಯಿತು. ಅವರನ್ನು ಒಪ್ಪಿಸಬೇಕೆಂದು ಅರಸನು ಹಟ ಹಿಡಿದನು, ಕಂಪೆನಿ ಒಪ್ಪಲಿಲ್ಲ. ಸಿಟ್ಟಿನ ಭರದಲ್ಲಿ ಅವನು ಮಾತುಕತೆಗೆ ಬಂದಿದ್ದ ಕರುಣಾಕರ ಮೇನೋನನನ್ನು ಮಡಿಕೇರಿಯಲ್ಲಿ ತಡೆದಿರಿಸಿದನು. ದೂತನಿಗೆ ಕೈಯಿಡುವುದನ್ನು ಯಾವ ರಾಜನೀತಿಯೂ ಒಪ್ಪದು. ಕಂಪೆನಿಗೆ ಬೇಕಾಗಿದ್ದ ನೆಪವನ್ನು ಅರಸನೇ ಕೈಯಾರೆ ಒದಗಿಸಿದಂತಾಯಿತು.

ಯುದ್ಧದಲ್ಲಿ ಕೊಡಗರು ಸುಲಭವಾಗಿ ಸೋತವರಲ್ಲ. ಬಡಗಣ ದಂಡು ಬಕ್ಕದ ಬಳಿ ಹಿಮ್ಮೆಟ್ಟಿತು. ಕುಂಬಳೆಯಿಂದ ಹೊರಟ ದಂಡೂ ಘಟ್ಟದ ಕೆಳಗಣ ಕಾಡುದಾರಿಯಲ್ಲಿ ಪೆಟ್ಟು ತಿಂದು ಮರಳಿತು. ಆದರೆ ಅರಸನ ಮನಸ್ಸು ಮಾತ್ರ ಸ್ಥಿರವಾಗಿರಲಿಲ್ಲ. ಒಮ್ಮೆ ಕಾದಾಡಿರೆಂದನು, ಒಮ್ಮೆ ಬೇಡವೆಂದನು. ದಿವಾನ ಅಪ್ಪಾರಂಡ ಬೋಪುವೇ ಮೂಡಣ ದಂಡನ್ನು ಮಡಿಕೇರಿಗೆ ಕರೆತಂದನು. ಏಪ್ರಿಲ್ 6ರಂದು ಕೋಟೆ ಕೈಬಿಟ್ಟಿತು. 10ರಂದು ಅರಸನು ಶರಣಾದನು. ಮೇ ತಿಂಗಳಲ್ಲಿ ಕೊಡಗು ಕಂಪೆನಿಯ ವಶವಾಯಿತು.

ಅಮರಸುಳ್ಯದ ಮಾಗಣೆಯನ್ನು ಕೆನರಾಕ್ಕೆ ಸೇರಿಸಿದರು. ಬೆಳೆಯಲ್ಲಿ ಕಂದಾಯ ತೆರುತ್ತಿದ್ದ ಒಕ್ಕಲುಗಳು ಇನ್ನು ನಗದು ಹೊಂದಿಸಬೇಕಾಯಿತು. 1837ರ ದಂಗೆಗೆ ಇದೂ ಒಂದು ಕಾರಣ.

ಅರಸನ ಸಂಸಾರವು ವೇಲೂರಿನ ಮಾರ್ಗವಾಗಿ ಕಾಶಿಯನ್ನು ಸೇರಿತು. 1841ರಲ್ಲಿ ಅಲ್ಲಿ ಹುಟ್ಟಿದ ಮಗಳು ಗೌರಮ್ಮನನ್ನು ಕರೆದುಕೊಂಡು ಅವನು 1852ರಲ್ಲಿ ಇಂಗ್ಲೆಂಡಿಗೆ ಹೋದನು. ಕಂಪೆನಿಯಲ್ಲಿ ತೊಡಗಿಸಿದ್ದ ಮನೆತನದ ಹಣವನ್ನು ಮರಳಿ ಪಡೆಯುವ ಆಸೆ ಅವನದು. ಅದೇ ವರ್ಷ ಹನ್ನೊಂದರ ಆ ಬಾಲಕಿಗೆ ಕ್ರೈಸ್ತ ದೀಕ್ಷೆಯಾಯಿತು. ವಿಕ್ಟೋರಿಯಾ ರಾಣಿಯೇ ಧರ್ಮಮಾತೆಯಾಗಿ ತನ್ನ ಹೆಸರನ್ನು ಕೊಟ್ಟಳು. ವ್ಯಾಜ್ಯ ಮುಗಿಯುವ ಮೊದಲೇ, 1859ರಲ್ಲಿ, ಅರಸನು ಲಂಡನ್ನಿನಲ್ಲಿ ತೀರಿಕೊಂಡನು. ಮರುವರ್ಷದ ತೀರ್ಪೂ ಅವನಿಗೆ ವಿರುದ್ಧವಾಯಿತು. ಗೌರಮ್ಮ ತನಗಿಂತ ಬಹಳ ಹಿರಿಯನಾದ ಕರ್ನಲ್ ಕ್ಯಾಂಬೆಲ್ ಎಂಬವನನ್ನು ವರಿಸಿ, 1864ರಲ್ಲಿ ಕ್ಷಯದಿಂದ ಮಡಿದಳು. ಕೊಡಗನ್ನು ಅವಳು ಕಂಡೇ ಇರಲಿಲ್ಲ. ಅವಳ ಮಗಳು ಆಗಿನ್ನೂ ಎಳೆಯ ಮಗು.